ಹಾಯಿಗೂ ಒಂದು ದಡಿ

ನಮ್ಮ ಅವ್ವ ರಾಮದುರ್ಗದಲ್ಲಿ ಕೈಮಗ್ಗದ ಸೀರೆ ನೇಯುತ್ತಾಳೆ. ಅವಳು ಸಮುದ್ರ ನೋಡಿಲ್ಲ. ನಾನೂ ನೋಡಿಲ್ಲ. ಆದರೂ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಮಗ್ಗದ ಮೇಲೆ ಒಂದು ದೊಡ್ಡ ಹಡಗಿನ ಹಾಯಿಗಳು ತಯಾರಾದವು.

ಬೈಲಹೊಂಗಲದ ಬಡಿಗೇರರೊಬ್ಬರು ಅಲ್ಲಿಯ ಒಂದು ಶಾಲೆಗಾಗಿ ಹಳೆಯ ಕಾಲದ ಹಾಯಿಹಡಗಿನ ಮಾದರಿ ಕಟ್ಟುತ್ತಿದ್ದರು. ಆಳೆತ್ತರದ ಹಡಗು, ಮೂರು ಕಂಬ, ಹನ್ನೊಂದು ಹಾಯಿ. ಒಡಲಿನಲ್ಲಿ ಹತ್ತಿಯ ಗಂಟು, ಎರಡೂ ಬದಿಗೆ ತೋಪಿನ ಕಿಂಡಿ. ಇಂಥ ಹಡಗುಗಳು ವ್ಯಾಪಾರಕ್ಕೂ ಹೋಗುತ್ತಿದ್ದವು, ಅಡ್ಡ ಬಂದವರೊಡನೆ ಕಾದಾಡುತ್ತಲೂ ಇದ್ದವು ಎಂದು ಅವರು ನಮ್ಮ ಮನೆಗೆ ಬಂದು ಚಿತ್ರ ಹಾಸಿ ವಿವರಿಸಿದರು. ಗಿರಣಿಯ ಬಟ್ಟೆ ಮಿರಮಿರ ಮಿಂಚುತ್ತದೆ, ಕೈಮಗ್ಗದ್ದೇ ಬೇಕು, ಅಚ್ಚ ಬಿಳಿ, ಬಣ್ಣದ ಅಂಚಿನ ದಡಿ ಮಾತ್ರ ಬೇಡ ಎಂದರು.

ಅವ್ವ ಅಲ್ಲಿಯೇ ತಡೆದಳು. ದಡಿಯಿಲ್ಲದ ಬಿಳಿ ಬಟ್ಟೆ ಅವಳ ಮಗ್ಗದಿಂದ ಎಂದೂ ಇಳಿದಿರಲಿಲ್ಲ.

"ಅಕ್ಕಾರ, ಹಡಗಕ್ಕ ಸೀರಿ ಉಡಸಾಕ ಹತ್ತಿಲ್ರಿ ನಾವು," ಎಂದು ಬಡಿಗೇರರು ನಕ್ಕರು.

"ಬರೇ ಬಿಳೇ ಅರಿವಿ ಯಾರಿಗಿ ಹೊಚ್ಚತಾರ, ನಿಮಗ ಗೊತ್ತಿಲ್ಲೇನ್ರಿ? ಹೊಸಾ ಹಡಗಕ್ಕ ಅಂಥಾದ್ದು ನಾ ನೇಯ್ದು ಕೊಡೂದಿಲ್ಲ."

ಇದು ನೀರಿಗೇ ಇಳಿಯುವುದಿಲ್ಲ, ಶಾಲೆಯಲ್ಲಿ ನಿಲ್ಲುವುದು ಎಂದು ಅವರು ಸಮಾಧಾನ ಹೇಳಿದರು. ನಿಂತರೂ ಹಡಗು ಹಡಗೇ ಎಂದಳು ಅವ್ವ. ಹಾಗಾದರೆ ಅಂಗಡಿಯ ಬಟ್ಟೆಯನ್ನೇ ನೋಡಬೇಕಾದೀತು ಎಂದು ಹೇಳಿ ಅವರು ಹೊರಟರು. ಚಿತ್ರವನ್ನು ಮಾತ್ರ ನಮ್ಮಲ್ಲೇ ಬಿಟ್ಟು ಹೋದರು.

ಆ ಹಡಗಿನ ಮೇಲೆ ತನ್ನ ಬಟ್ಟೆ ಏರಬೇಕೆಂದು ಅವ್ವನಿಗೆ ಎಷ್ಟು ಆಸೆಯಿತ್ತೆಂಬುದು ನನಗೆ ಗೊತ್ತಿತ್ತು. ಅಡುಗೆ ಮಾಡುವಾಗಲೂ ಆ ಚಿತ್ರ ತರಿಸಿ ನೋಡುತ್ತಿದ್ದಳು. ಸೋಮವಾರ ಮಗ್ಗಕ್ಕೆ ಕೂತಳು. ಒಂದೊಂದು ಹಾಯಿ ಮುಗಿದಾಗಲೂ ನಾನು ದಿನಚರಿಯಲ್ಲಿ ತಾರೀಖು, ಅಳತೆ ಬರೆದಿಟ್ಟೆ. ಹನ್ನೊಂದಕ್ಕೂ ಎರಡೂ ಅಂಚಿನಲ್ಲಿ ಬೆರಳಗಲದ ಕೆಂಪು ದಡಿ ಇತ್ತು.

ಅಂಗಡಿಯ ಬಟ್ಟೆ ಮನಸ್ಸಿಗೆ ಬಾರದೆ ಬಡಿಗೇರರು ಮತ್ತೆ ಬಂದರು. ಹಾಯಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಕೆಂಪು ದಡಿಯನ್ನು ಬೆರಳಿನಿಂದ ಮಡಚಿ ನೋಡಿದರು.

"ಅಂಚು ಮಡಚಿ ಒಳಗ ಹುರಿ ಇಟ್ಟು ಹೊಲೀತೇನ್ರಿ. ಕೆಂಪು ಹೊರಗ ಕಾಣಬಾರದು."

"ಮಡಚ್ರಿ. ಕತ್ತರಸಬ್ಯಾಡ್ರಿ," ಎಂದಳು ಅವ್ವ.

ಹೂಂ ಎಂದು ಒಯ್ದರು. ಆದರೆ ಆಮೇಲೆ ಕತ್ತರಿ ಆಡಿಸಿದರೆ ಕೇಳುವವರು ಯಾರು? ಶಾಲೆಯಿಂದ ಕರೆ ಬರುವವರೆಗೂ ಅವ್ವನ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು.

ಉದ್ಘಾಟನೆಯ ದಿನ ಅವಳು ಯಾರನ್ನೂ ಮಾತಾಡಿಸದೆ ನೇರ ಹಡಗಿನ ಹತ್ತಿರ ನಡೆದಳು. ಕೆಳಗಿನ ಹಾಯಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರಿದಳು. ಮಡಿಕೆ ದಪ್ಪಗಿತ್ತು. ಅಷ್ಟರಲ್ಲಿ ಯಾರೋ ಹಿಂದಿನ ಕಿಟಕಿ ತೆರೆದರು. ಬಿಸಿಲು ಬಿದ್ದದ್ದೇ ತಡ, ಹನ್ನೊಂದು ಹಾಯಿಗಳ ಅಂಚಿನಲ್ಲೂ ಮಡಿಕೆಯೊಳಗಿಂದ ಕೆಂಪು ಗೆರೆ ಎದ್ದು ಕಂಡಿತು.

ಹಳೆಯ ಹಡಗುಗಳಿಗೆ ಹೀಗೆ ಕೆಂಪು ಗೆರೆ ಇರುತ್ತಿತ್ತೇ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಬಡಿಗೇರರು ನಮ್ಮ ಕಡೆ ಒಮ್ಮೆ ನೋಡಿದರು.

"ಅವಕ್ಕ ಇತ್ತೋ ಇಲ್ಲೋ ಗೊತ್ತಿಲ್ರಿ ಬಾಯಾರ. ಇವು ರಾಮದುರ್ಗದಾಗ ಈ ಅಕ್ಕಾರು ನೇಯ್ದ ಹಾಯಿ. ಇವಕ್ಕ ಐತಿ."

ನನ್ನ ಎದೆ ಉಬ್ಬಿತು. ಅವ್ವ ಮಾತ್ರ ಕತ್ತೆತ್ತಿ ಕಂಬದ ತುದಿ ನೋಡುತ್ತಿದ್ದಳು. ಅಲ್ಲಿ ಇನ್ನೂ ಬಾವುಟ ಕಟ್ಟಿರಲಿಲ್ಲ.

"ಅಲ್ಲೀದು ಯಾರ ನೇಯತಾರ್ರಿ?" ಎಂದು ಕೇಳಿದಳು.