ಖಂಡೇನವಮಿಯ ದಿನ ಜಾಮರಿಗೆ ರಜೆ

ಕಾಲೇಜಿನ ಆವರಣದಲ್ಲಿ ತಪ್ಪು ಜಾಗದಲ್ಲಿ ನಿಂತ ಗಾಡಿಯ ಗಾಲಿಗೆ ಹಳದಿ ಬಣ್ಣದ ಕಬ್ಬಿಣದ ಬೀಗ ಹಾಕುವುದು ನನ್ನ ಕೆಲಸ. ಆ ಬೀಗಕ್ಕೆ ಇಲ್ಲಿ ಎಲ್ಲರೂ ಜಾಮರ್ ಅನ್ನುತ್ತಾರೆ. ಆದರೂ ಯಾರಾದರೂ ಏನು ಮಾಡುತ್ತೀರಿ ಎಂದು ಕೇಳಿದರೆ ನನ್ನ ಬಾಯಿಂದ ಬರುವುದು "ಮನೀ ನೋಡ್ಕೊಂಡಿರ್ತೀನ್ರಿ" ಎಂದೇ. ಸುಳ್ಳೇನಲ್ಲ. ಬೆಳಿಗ್ಗೆ ರೊಟ್ಟಿ ಬಡಿದು, ದೇವರಿಗೆ ದೀಪ ಹಚ್ಚಿ, ಟಿಟ್ವಾಳಾದಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿಗೆ ಬದಲಾಯಿಸಿ ಹೋಗುತ್ತೇನೆ. ಹಗಲೆಲ್ಲ ಊರವರ ಗಾಡಿ ನೋಡಿಕೊಂಡು ಸಂಜೆಗೆ ಮತ್ತೆ ನನ್ನ ಮನೆ ನೋಡಿಕೊಳ್ಳುತ್ತೇನೆ. ನಡುವೆ ಮಾಡುವುದನ್ನು ನೌಕರಿ ಎಂದು ಒಪ್ಪಿಕೊಳ್ಳಲು ನಾಲಿಗೆ ಇನ್ನೂ ರೂಢಿಯಾಗಿಲ್ಲ, ಅಷ್ಟೇ.

ಇದಕ್ಕೆ ನನ್ನನ್ನು ದೂಡಿದವರು ನಮ್ಮ ಮನೆಯವರು. ಅವರು ಶಹಾಡದ ಒಂದು ಕಾರ್ಖಾನೆಯಲ್ಲಿದ್ದಾರೆ. ನಮ್ಮ ಬಿಲ್ಡಿಂಗಿನ ಕೆಳಗೆ ಯಾರ ಸ್ಕೂಟರ್ ಎಲ್ಲಿ ನಿಲ್ಲಬೇಕೆಂಬುದನ್ನು ನಾನು ಬಾಲ್ಕನಿಯಿಂದಲೇ ತೀರ್ಮಾನಿಸುತ್ತಿದ್ದೆ. ಒಂದು ದಿನ ನನ್ನ ಕೂಗಾಟ ಮುಗಿಯುವ ತನಕ ಅವರು ಚಹಾ ಕುಡಿಯುತ್ತ ಕುಳಿತಿದ್ದು, ಆಮೇಲೆ ಅಂದರು: "ಬಿಟ್ಟಿ ಯಾಕ ಒದರ್ತಿ? ಕಾಲೇಜಿನ್ಯಾಗ ಹೆಣ್ಮಕ್ಕಳು ಬೇಕಂತ, ಪಗಾರ ತಗೊಂಡ ಒದರು." ಹೆಂಗಸರ ಜೊತೆ ಗಂಡಸು ವಾಚ್‌ಮನ್ನರು ವಾದಕ್ಕಿಳಿದರೆ ದೂರು ಬರುತ್ತದೆಂದು ಕಾಲೇಜಿಗೆ ಒಬ್ಬ ಬಾಯಿಯುಳ್ಳ ಹೆಂಗಸು ಬೇಕಾಗಿತ್ತು. ದೇವರು ಕೊಟ್ಟ ಬಾಯಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ನಾನು ದೇವರನ್ನು ನಂಬಿದವಳು, ಆದರೆ ದೊಡ್ಡ ದೊಡ್ಡ ವರ ಕೇಳಿ ಅವನಿಗೆ ತೊಂದರೆ ಕೊಡುವವಳಲ್ಲ. ಟಿಟ್ವಾಳಾದ ಗಣಪತಿಗೆ ಸ್ಟೇಷನ್ನಿನಿಂದಲೇ ಕೈ ಮುಗಿಯುತ್ತೇನೆ; ಅವನಿಗೂ ಗದ್ದಲ, ನನಗೂ ಗದ್ದಲ. ಲೋಕಲಿನಲ್ಲಿ ಯಾರಾದರೂ ಸ್ವಲ್ಪ ಸರಿದು ಕೂಡಲು ಅರ್ಧ ತೊಡೆಯಷ್ಟು ಜಾಗ ಕೊಟ್ಟರೆ ಅದೊಂದು ಕೃಪೆ. ತುಕ್ಕು ಹಿಡಿದ ಜಾಮರಿನ ಕೀಲಿ ಮೊದಲ ಸಲಕ್ಕೇ ತಿರುಗಿದರೆ ಇನ್ನೊಂದು. ಸಂಜೆ ರೈಲಿನಲ್ಲಿ ಇವನ್ನೆಲ್ಲ ನೆನೆಸಿಕೊಳ್ಳುವುದರೊಳಗೆ ಕಲ್ಯಾಣ ದಾಟಿರುತ್ತದೆ.

ಗೇಟಿನ ಕ್ಯಾಬಿನ್ನಿನಲ್ಲಿ ನನ್ನ ಜೊತೆಗಿರುವವರು ಕುಂದಾಪುರ ಕಡೆಯ ಒಬ್ಬ ಅಣ್ಣ. ಡೊಂಬಿವಲಿಯ ಹೋಟೆಲುಗಳಲ್ಲಿ ಆಯುಷ್ಯ ತೆಗೆದು, ಮೊಣಕಾಲು ಸೋತ ಮೇಲೆ ಕುರ್ಚಿಯ ಕೆಲಸ ಹುಡುಕಿಕೊಂಡು ಬಂದವರು. ನನ್ನ ಗದಗಿನ ಮಾತು ಅವರಿಗೆ ಜಗಳದಂತೆ ಕೇಳುತ್ತದಂತೆ. ಅವರ ಮಾತು ನನಗೆ ಊಟ ಬಡಿಸುತ್ತಿರುವಂತೆ ಕೇಳುತ್ತದೆ.

ಕಾಲೇಜಿನ ಇನ್ನೊಬ್ಬ ಕನ್ನಡಿಗರು ಮ್ಯಾನೇಜ್‌ಮೆಂಟ್ ಕಲಿಸುವ ಸರ್. ಬೆಂಗಳೂರಿನವರು. ಎತ್ತರದ ಹೊಸ ಬಿಳಿ ಕಾರು. ಅದಕ್ಕೆ ಗೀರು ಬಿದ್ದೀತೆಂಬ ಚಿಂತೆಯಲ್ಲಿ ಅವರಿಗೆ ಅರ್ಧ ಕೂದಲು ಹೋಗಿತ್ತು. ಆಫೀಸು ಕಟ್ಟಡದ ಇಳಿಜಾರು ದಾರಿಯ ಪಕ್ಕದಲ್ಲಿ ನೀಲಿ ಬಣ್ಣ ಬಳಿದ ಒಂದು ಅಗಲವಾದ ಜಾಗವಿದೆ. ಅದು ಕಾಲಿಗೆ ತೊಂದರೆ ಇರುವವರ ಗಾಡಿಗೆ ಮೀಸಲು. ಅಗಲವಾಗಿದೆ, ಪಕ್ಕದಲ್ಲಿ ಯಾರೂ ಬಾಗಿಲು ತೆರೆದು ಬಡಿಯುವುದಿಲ್ಲ ಎಂದು ಸರ್ ಕಣ್ಣು ಅದರ ಮೇಲೇ. ನಾನು ಜಾಮರ್ ಎತ್ತಿದ ಕೂಡಲೇ ಅವರ ಬಾಯಲ್ಲಿ ಕನ್ನಡ ಬರುತ್ತಿತ್ತು. "ಏನಮ್ಮಾ, ನಮ್ಮೋರೇ ಆಗಿ ನೀವೇ ಹಿಂಗ್ ಮಾಡಿದ್ರೆ?"

"ನಮ್ಮೋರ ಅಂತನಽ ಮೊದಲ ಹೇಳಾಕತ್ತೀನ್ರಿ. ಬ್ಯಾರೇದವರಿಗೆ ಹಾಕಿದ ಮ್ಯಾಲೆ ಹೇಳ್ತೀನಿ."

ಆ ನೀಲಿ ಜಾಗದ ನಿಜವಾದ ಒಡತಿ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಒಬ್ಬ ಹುಡುಗಿ. ಅವಳ ತಂದೆತಾಯಿ ವಿಜಾಪುರದ ಕಡೆಯವರು, ಅವಳು ಹುಟ್ಟಿದ್ದು ಡೊಂಬಿವಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿ ಬೆರೆಸಿ ಉತ್ತರ ಕೊಡುವವಳು. ಸಿಟ್ಟು ಬಂದಾಗ ಮಾತ್ರ ಬರೀ ಕನ್ನಡ. ಚಿಕ್ಕಂದಿನಲ್ಲೇ ಒಂದು ಕಾಲು ಸೋತು, ಕೋಲು ಹಿಡಿದು ನಡೆಯುತ್ತಾಳೆ. ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಶಿಳಫಾಟಾದ ಟ್ರಾಫಿಕ್ ಸೀಳಿಕೊಂಡು ಬರುತ್ತಾಳೆ. ಬಹಳ ವರ್ಷಗಳಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದವಳಿಗೆ ಕೊನೆಗೂ ಕಾಯಂ ಹುದ್ದೆಯ ಇಂಟರ್ವ್ಯೂ ಬಂತು. ಅದು ಖಂಡೇನವಮಿಯ ದಿನ ಮಧ್ಯಾಹ್ನ ಮೂರಕ್ಕೆ. ಹೊರಗಿನಿಂದ ಬರುವ ಸಾಹೇಬರು ಯಾರಿಗೂ ಕಾಯುವವರಲ್ಲ, ತಡವಾದವರ ಹೆಸರು ಹೊಡೆದು ಹಾಕುತ್ತಾರೆ ಎಂದು ಆಫೀಸಿನಲ್ಲಿ ಮೊದಲೇ ಹೇಳಿದ್ದರು.

"ಮಾವ್ಶಿ, ಅರ್ಧ ದಿನ ಛುಟ್ಟಿ ಹಾಕೀನಿ, ಓದಿಕೊಂಡು ಸೀದಾ ಬರ್ತೀನಿ," ಎಂದು ಹಿಂದಿನ ದಿನ ಹೇಳಿದ್ದಳು; ಮಾವ್ಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಕಾಲೇಜಿಗೆಲ್ಲ ನಾನು ಅದೇ. "ಮೇರಾ ಜಗಾ ದೇಖ್ನಾ. ಅಲ್ಲಿ ದೂರ ಮೈದಾನದಾಗ ಗಾಡಿ ಹಚ್ಚಿ ಜಲ್ಲಿ ಮ್ಯಾಲೆ ನಡದ ಬಂದ್ರ, ನಾ ಬರೋದ್ರಾಗ ಅವರು ರಿಟೈರ್ ಆಗಿರ್ತಾರ."

"ನೀ ಓದು. ಜಾಗಾ ನಾ ನೋಡ್ತೀನಿ," ಅಂದೆ. ಅಂದವಳು ನಾನೇ.

ಖಂಡೇನವಮಿಯ ದಿನ ನಮ್ಮಲ್ಲಿ ಆಯುಧಗಳಿಗೆ ಪೂಜೆ. ಪೂಜೆಗೆ ಇಟ್ಟದ್ದನ್ನು ಮರುದಿನ ದಸರೆಯ ಬೆಳಗಿನ ತನಕ ಎತ್ತುವುದಿಲ್ಲ. ನನ್ನ ತವರಿನಲ್ಲಿ ಆ ಸಂಜೆ ಕುಡಗೋಲನ್ನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಕ್ಯಾಬಿನ್ನಿನಲ್ಲಿ ಮಣೆ ಹಾಕಿ, ಜಾಮರುಗಳನ್ನು ತೊಳೆದು ಸಾಲಾಗಿ ಕೂಡಿಸಿ, ಕೀಲಿಗೊಂಚಲು, ಸೀಟಿ, ಬ್ಯಾಟರಿ ಎಲ್ಲ ಇಟ್ಟು, ಚೆಂಡುಹೂವಿನ ಮಾಲೆ ಹಾಕಿ ಆರತಿ ಮಾಡಿದೆ. ನಮ್ಮ ಸೂಪರ್‌ವೈಸರ್ ಬಂದು ಕೈ ಮುಗಿದು, ಪ್ರಸಾದದ ಪೇಢೆ ಎರಡೆರಡು ಬಾಯಿಗೆ ಹಾಕಿಕೊಂಡು ಮನೆಗೆ ಹೋದರು.

"ಅಕ್ಕ, ಇದನ್ನೆಲ್ಲ ಕಟ್ಟಿ ಇಟ್ರೆ ಇವತ್ತು ಗಾಡಿಗೆ ಎಂತ ಹಾಕುದು?" ಎಂದು ಅಣ್ಣ ಕೇಳಿದರು.

"ಏನೂ ಇಲ್ಲ. ಅದಕ್ಕೂ ಒಂದ ದಿನ ರಜಾ ಬ್ಯಾಡೇನು?"

ಆ ಮಾತು ಕಿಟಕಿಯ ಹೊರಗೆ ನಿಂತ ಹುಡುಗರ ಕಿವಿಗೆ ಬಿತ್ತು. ಅಲ್ಲಿಂದ ಅವರ ಮೊಬೈಲಿಗೆ, ಮೊಬೈಲಿನಿಂದ ಇಡೀ ಕಾಲೇಜಿಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೆಟ್ಟಿಲ ಮುಂದೆ ಬೈಕು, ಗಿಡದ ಕಟ್ಟೆಯ ಮೇಲೆ ಸ್ಕೂಟರು, ಕ್ಯಾಂಟೀನಿನ ಬಾಗಿಲಿಗೆ ಅಡ್ಡ ಕಾರು. ವರ್ಷವಿಡೀ ನನಗೆ ಹೆದರಿದ್ದಾರೆ ಎಂದುಕೊಂಡಿದ್ದೆ, ಹೆದರಿದ್ದು ಕಬ್ಬಿಣಕ್ಕೆ. ನೀಲಿ ಜಾಗದಲ್ಲಿ ಎತ್ತರದ ಬಿಳಿ ಕಾರು ಸಿಂಹಾಸನದ ಮೇಲೆ ಕುಳಿತಂತೆ ಕುಳಿತಿತ್ತು.

ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. ಸರ್ ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದರು. "ಐದ್ ನಿಮಿಷ ಅಮ್ಮ. ಹೆಂಗೂ ಇವತ್ತು ನಿಮ್ ಜಾಮರ್ ದೇವ್ರಾಗಿದೆಯಂತಲ್ಲ," ಎಂದು ನಕ್ಕರು. ಐದು ನಿಮಿಷ ಆಗುವುದು ಬಿಡಿ, ಚಿತ್ರಾನ್ನ ಆದ ಮೇಲೆ ಮೊಸರನ್ನದ ಡಬ್ಬಿ ತೆರೆದದ್ದನ್ನು ನಾನೇ ನೋಡಿದೆ.

ಹೊರಗೆ ಬಂದಾಗ ಫೋನು. "ಮಾವ್ಶಿ, ಶಿಳಫಾಟಾ ದಾಟಿದೆ. ಜಗಾ ಖಾಲೀ ಹೈ ನಾ?"

"ನೀ ಸಾವಕಾಶ ಬಾ," ಅಂದೆ. ಖಾಲಿ ಇದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಜಾಮರ್ ಎತ್ತೋಣವೆಂದರೆ ನನ್ನದೇ ಕೈಯ ಪೂಜೆ. ಎತ್ತಿದರೂ ಏನು ಉಪಯೋಗ? ಜಾಮರ್ ಹಾಕಿದರೆ ಗಾಡಿ ಅಲ್ಲೇ ಇರುತ್ತದೆ. ನನಗೆ ಬೇಕಾದದ್ದು ಅದು ಹೋಗುವುದು. ಪೂಜೆಗೆಂದು ತಂದು ಉಳಿದ ಲಿಂಬೆಹಣ್ಣು ಚೀಲದಲ್ಲಿದ್ದವು. ಸರ್ ಕಾರಿನ ಮುಂದೆ ದೃಷ್ಟಿಗೆಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದು ನೆನಪಾಯಿತು. ಲಿಂಬೆಹಣ್ಣಿಗೆ ಹೆದರುವ ಮನುಷ್ಯ ಎಂದು ಗೊತ್ತಾದ ಮೇಲೆ ತಡವೇಕೆ? ಹಣ್ಣು ಕೊಯ್ದು, ಕುಂಕುಮ ತುಂಬಿ, ನಾಲ್ಕೂ ಗಾಲಿಯ ಮುಂದೆ ಇಟ್ಟೆ. ನೋಡಿದ ಹುಡುಗರು ಓಡಿ ಸರ್‌ಗೆ ಹೇಳಿದರು. ಮೊಸರನ್ನ ಅರ್ಧಕ್ಕೆ ಬಿಟ್ಟು ಸರ್ ಓಡಿ ಬಂದರು.

ಬಂದವರು ಕಾರಿನಿಂದ ಒಂದು ಮಾರು ದೂರದಲ್ಲೇ ನಿಂತರು. ಮುಖ ಬಿಳಿಚಿಕೊಂಡಿತ್ತು. ಈಗ ಕಾರು ತೆಗೆದು ಓಡುತ್ತಾರೆ ಎಂದು ನಾನು ಕಾದೆ. ಅವರು ತೆಗೆಯಲಿಲ್ಲ.

"ಇದ್ರ ಮೇಲೆ ಗಾಡಿ ಹತ್ತಿಸಕ್ಕಾಗಲ್ಲ ನಾನು. ಯಾರೋ ಏನೋ ಮಾಡ್ಸಿದಾರೆ. ಇಲ್ಲೇ ಇರ್ಲಿ ಕಾರು, ನಾಳೆ ನೋಡೋಣ."

"ನಾಳಿ?" ಅಂದೆ. ಕಬ್ಬಿಣದ ಜಾಮರಿಗೆ ಕೀಲಿಯಾದರೂ ಇತ್ತು. "ಸರ್, ಅದನ್ನ ಇಟ್ಟಾಕಿ ನಾನಽ. ಪೂಜಾ ಅದು."

"ಪೂಜೆ ಅಂದ್ರೆ ಹೂವೆಲ್ಲಿ? ಆರತಿ ಎಲ್ಲಿ? ಬರೀ ನಿಂಬೆಹಣ್ಣು ಇಟ್ಟು ಹೋಗೋರು ಯಾರು ಅಂತ ನಂಗೊತ್ತಿಲ್ವಾ?"

ಅಣ್ಣ ನನ್ನ ಕಿವಿಯ ಹತ್ತಿರ ಬಂದರು. "ಅಕ್ಕ, ನೀವು ಅವ್ರನ್ನ ಹೆದ್ರಿಸುಕೆ ಹೋಗಿ ಬೀಗ ಜಡ್ದದ್ದು ಮಾರಾಯ್ರೆ. ಇನ್ನು ಪೂರ್ತಿ ಪೂಜೆ ಮಾಡ್ದೆ ಬಿಡುದಿಲ್ಲ ಅವ್ರು."

"ಹೂವು ಎಲ್ಲಿಂದ ತರೂಣು? ಜಾಮರಿನ ಮಾಲಿ ತೆಗೆಯಂಗಿಲ್ಲ."

ಅಣ್ಣ ನಿಟ್ಟುಸಿರು ಬಿಟ್ಟು ತಮ್ಮ ಬೈಕಿನ ಮಾಲೆ ಬಿಚ್ಚಿಕೊಟ್ಟರು. ಬೆಳಿಗ್ಗೆ ಅವರ ಮಗಳು ಪೋಣಿಸಿ ಹಾಕಿದ್ದ ಮಾಲೆ. ನಾನು ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಬಾಯಿಗೆ ಬಂದ ಆರತಿಯ ಪದ ಹೇಳುತ್ತ ಬಿಳಿ ಕಾರಿಗೆ ಸುತ್ತು ಬಂದೆ. ಹುಡುಗರು ಕೂಡಿ ಚಪ್ಪಾಳೆ ತಟ್ಟಿದರು. ಸರ್ ಬೂಟು ಬಿಚ್ಚಿ ಕಣ್ಣು ಮುಚ್ಚಿ ನಿಂತಿದ್ದರು. ನಾಟಕ ಮಾಡಿದೆ ಎಂದು ಯಾರೂ ತಿಳಿಯಬಾರದು. ದೇವರ ಮುಂದೆ ನಾನು ನಾಟಕ ಮಾಡುವವಳಲ್ಲ. ಮನಸ್ಸಿಟ್ಟು ಬೇಡಿಕೊಂಡೆ: ಗಣಪ್ಪಾ, ಈ ಗಾಡಿ ಎಲ್ಲಿಗೆ ಹೋದರೂ ಸುಖವಾಗಿ ಹೋಗಲಿ, ಮುಖ್ಯವಾಗಿ ಇಲ್ಲಿಂದ ಹೋಗಲಿ.

ಗೇಟಿನ ಕಡೆಯಿಂದ ಸ್ಕೂಟರಿನ ಹಾರ್ನ್ ಕೇಳಿಸಿತು. ಆ ಹಾರ್ನ್ ನನಗೆ ಗೊತ್ತು, ತಾಳ್ಮೆ ಇಲ್ಲದ ಹಾರ್ನ್.

"ಸರ್, ಈಗ ಲಿಂಬಿಕಾಯಿ ಮ್ಯಾಲಿಂದ ಹಾಯಿಸಿ ಸೀದಾ ಮೈದಾನಕ್ಕ ಒಯ್ರಿ. ಪೂಜಾ ಆದ ಗಾಡಿ ತಿರುಗಿ ಇದಽ ಜಾಗಾಕ್ಕ ಬರಬಾರದ ನೋಡ್ರಿ."

ಈ ಕೊನೆಯ ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ಕಾಲೇಜಿನ ಪಾರ್ಕಿಂಗ್ ನಿಯಮದಲ್ಲಿ ಇದೆ.

ಸರ್ ಕೈ ಮುಗಿದು ಕುಳಿತು ಕಾರು ಹಾಯಿಸಿದರು. ನಾಲ್ಕೂ ಹಣ್ಣು ಒಡೆದು ರಸ ಚಿಮ್ಮಿತು. ಅವರು ಹೋದ ಜಾಗಕ್ಕೆ ಸ್ಕೂಟರು ಬಂದು ನಿಂತಿತು. ಹುಡುಗಿ ಎಲ್ಲರನ್ನೂ ಒಮ್ಮೆ ನೋಡಿ, "ಇದೇನ ಮಾವ್ಶಿ, ನನ್ನ ಸ್ವಾಗತಕ್ಕ ಇಷ್ಟ ಮಂದಿ?" ಅಂದಳು. ಸಿಟ್ಟಿಲ್ಲದೆ ಬರೀ ಕನ್ನಡ ಮಾತಾಡಿದಳೆಂದರೆ ಒಳಗೆ ಎಷ್ಟು ಹೆದರಿದ್ದಳೋ. ಕೋಲೂರಿ ಇಳಿದು, ಇಳಿಜಾರು ಹತ್ತಿ ಒಳಗೆ ಹೋದಳು. ಹೋದ ಮೇಲೆ ನೋಡಿದೆ: ಕೋಲಿನ ರಬ್ಬರು ಕುಂಕುಮದ ರಸದಲ್ಲಿ ಅದ್ದಿ, ಇಳಿಜಾರಿನ ಉದ್ದಕ್ಕೂ ಕೆಂಪು ಬೊಟ್ಟು.

ಆ ಬೊಟ್ಟು ಇಂಟರ್ವ್ಯೂ ಕೋಣೆಯ ಬಿಳಿ ನೆಲದ ತನಕ ಹೋಗಿತ್ತು. ಹೊರಗಿನಿಂದ ಬಂದ ಸಾಹೇಬರು ಮೊದಲು ಕೇಳಿದ್ದೇ ಅದನ್ನಂತೆ. ಇದೇನು ಕೆಂಪು? ಇವಳು ಕೆಳಗೆ ನೋಡಿ, ಹೆದರಿಕೆಯೆಲ್ಲ ಹೋಗಿ, ಕೋಲು ತೋರಿಸಿ, "ಇವತ್ತು ಖಂಡೇನವಮಿ ಸರ್, ನನ್ನ ಆಯುಧ ಇದೇ," ಅಂದಳಂತೆ. ಅವರು ನಕ್ಕರು. ಆಮೇಲೆ ಕೇಳಿದ್ದಕ್ಕೆಲ್ಲ ತಡವರಿಸದೆ ಹೇಳಿದೆ ಎಂದಳು. ದೀಪಾವಳಿ ಕಳೆದ ಮೇಲೆ ಕಾಯಂ ಆದ ಪತ್ರ ಬಂತು. ಅದು ಅವಳ ಓದಿನ ಫಲ. ಲಿಂಬೆಹಣ್ಣಿನದೂ ಸ್ವಲ್ಪ ಪಾಲಿದೆ ಎಂದು ಅಣ್ಣ ಹೇಳುತ್ತಾರೆ, ತಮ್ಮ ಮಾಲೆಯದು ಅದಕ್ಕಿಂತ ಹೆಚ್ಚು ಎಂದೂ ಹೇಳುತ್ತಾರೆ.

ಮರುವರ್ಷದ ಖಂಡೇನವಮಿಗೆ ನಾನು ಮಣೆ ಹಾಕುತ್ತಿದ್ದಾಗ ಎರಡು ಮಂದಿ ಕ್ಯಾಬಿನ್ನಿಗೆ ಬಂದರು. ಒಬ್ಬರು ಸರ್. ವರ್ಷವಿಡೀ ಕಾರಿಗೆ ಒಂದು ಗೀರೂ ಬಿದ್ದಿಲ್ಲ, ಈ ಸಲವೂ ಪೂಜೆ ನಿಮ್ಮ ಕೈಯಿಂದಲೇ ಆಗಬೇಕು ಎಂದು ಹಟ. ಕಾರು ದೂರ ಮೈದಾನದಲ್ಲೇ ಇತ್ತು. ಇನ್ನೊಬ್ಬಳು ಆ ಹುಡುಗಿ. ಕೋಲನ್ನು ಜಾಮರುಗಳ ಸಾಲಿಗೆ ಒರಗಿಸಿ, ಅಣ್ಣನ ಕುರ್ಚಿಯಲ್ಲಿ ಕುಳಿತು, "ಇದಕ್ಕೂ ಮಾಡ್ರಿ," ಅಂದಳು.

"ಹುಚ್ಚಿ, ಪೂಜಾ ಆದ ಮ್ಯಾಲೆ ನಾಳಿ ಮುಂಜಾನಿ ತನಕ ಎತ್ತಂಗಿಲ್ಲ. ಮನೀಗೆ ಹೆಂಗ ಹೋಗ್ತಿ?"

"ತೋ ರೂಲ್ ಬದಲ್ ದೋ ನಾ, ಮಾವ್ಶಿ."

ನಾನು ಕ್ಯಾಬಿನ್ನಿನ ಗೋಡೆಯಲ್ಲಿದ್ದ ಗಣಪತಿಯ ಫೋಟೋ ಕಡೆ ನೋಡಿದೆ. ಅವನೇನೂ ಬೇಡ ಅನ್ನಲಿಲ್ಲ. ಕೋಲನ್ನು ಅವಳ ಕೈಗೇ ಕೊಟ್ಟು, ನಿಲ್ಲಿಸಿ, ಹಿಡಿದಂತೆಯೇ ಅದಕ್ಕೆ ಕುಂಕುಮ ಹಚ್ಚಿ ಆರತಿ ಮಾಡಿದೆ. ಆಮೇಲೆ ಜಾಮರುಗಳಿಗೂ ಮಾಲೆ ಹಾಕಿ ಆರತಿ ಮುಗಿಸಿ, ಸಾಲಿನ ತುದಿಯ ಒಂದನ್ನು ಮಾಲೆ ಸಮೇತ ಎತ್ತಿ, ಹೆಗಲಿಗೆ ಹಾಕಿಕೊಂಡು ರೌಂಡಿಗೆ ಹೊರಟೆ. ಮೆಟ್ಟಿಲ ಮುಂದೆ ಆಗಲೇ ಬೈಕು ನಿಲ್ಲಿಸುತ್ತಿದ್ದ ಹುಡುಗರು ನನ್ನನ್ನು ನೋಡಿ, "ಮಾವ್ಶಿ, ಆಜ್ ತೋ ಛುಟ್ಟಿ?" ಅಂದರು.

"ಪೂಜಾ ಆಗೇತಿ," ಅಂದೆ. "ಇನ್ನೂ ಗಟ್ಟಿ ಹಿಡಿತೈತಿ."