ಹೊಸ್ತಿಲು ತೆಗೆಸಿದ ವರ್ಷ

ರಾಯಚೂರಿನಲ್ಲಿ ಮೊದಲು ನನ್ನನ್ನು ಹೆದರಿಸಿದ್ದು ಎತ್ತರ. ವಿಶ್ವವಿದ್ಯಾಲಯದ ಗೇಟಿನ ಬಳಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ನೆಲ ಇದ್ದಕ್ಕಿದ್ದಂತೆ ದೂರವಾಯಿತು. ಅಲ್ಲಿಯವರೆಗೆ ನಾನು ಎರಡು ಕೈ ಊರಿ ನೆಲದ ಮೇಲೆ ಸರಿದಾಡಿದವಳು. ಮಾನ್ವಿಯ ಕಾಲೇಜಿಗೆ ಅಣ್ಣ ಬೆನ್ನ ಮೇಲೆ ಹೊತ್ತೊಯ್ಯುತ್ತಿದ್ದ. ಹಿರೇಕೊಟ್ನೆಕಲ್ಲಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು, ಉಣ್ಣುವವರು, ಜಗಳವಾಡುವವರು ಎಲ್ಲರೂ ನೆಲದ ಮೇಲೆಯೇ. ಅಲ್ಲಿ ನಾನು ಯಾರಿಗೂ ಬೇರೆಯಾಗಿ ಕಾಣುತ್ತಿರಲಿಲ್ಲ. ಅಥವಾ ಹಾಗೆಂದು ಈಗ ಅಂದುಕೊಂಡಿದ್ದೇನೆ. ಓಣಿಯವರು ನನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ.

ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನ. ಪಕ್ಕದ ಮಂಚದವರು ತೆಲುಗಿನಲ್ಲಿ ನಗುತ್ತಿದ್ದರು. ಅದು ನನ್ನ ಬಗ್ಗೆ ಅಲ್ಲ ಎಂದು ತಿಳಿಯಲು ತಿಂಗಳು ಹಿಡಿಯಿತು. ಕವಿತಾಳದ ರೇಣುಕಾ ಮಾತ್ರ ಮೊದಲ ದಿನವೇ ನನ್ನ ಕುರ್ಚಿ ದಬ್ಬುತ್ತ ಬೈದು ಮಾತಾಡಿಸಿದಳು: "ಲೇ, ನಾ ದಬ್ಬಾಕತ್ತೀನಿ, ನೀ ರಾಣಿಯಂಗ ಕುಂತೀದಿ. ಒಂಚೂರು ನಗಬಾರದೇನ?"

ಗ್ರಂಥಾಲಯಕ್ಕೆ ಐದು ಮೆಟ್ಟಿಲು. ರೇಣುಕಾ ಏಳು ಎನ್ನುತ್ತಾಳೆ. ಎತ್ತಿ ಒಯ್ಯಲು ಅವಳು ನಾಲ್ವರನ್ನು ಕೂಡಿಸದ ದಿನ ನನಗೆ ಓದು ಇಲ್ಲ. ಒಬ್ಬಳೇ ಒಳಗೆ ಹೋಗಬೇಕು ಎಂಬುದೊಂದೇ ಆಸೆ. ಅರ್ಜಿ ಬರೆದೆವು. ಮತ್ತೆ ಬರೆದೆವು. ಮಳೆಗಾಲ ಮುಗಿಯುವ ಹೊತ್ತಿಗೆ ದೇವದುರ್ಗದ ಭೀಮಣ್ಣ ಎಂಬ ಗೌಂಡಿ, ಅಂದರೆ ಗಾರೆ ಕೆಲಸದವನು, ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದ. ಚೆಂದ ಕಟ್ಟಿದ. ನಾನೇ ಗಾಲಿ ತಿರುಗಿಸುತ್ತ ಮೇಲೆ ಹೋದೆ. ಬಾಗಿಲಲ್ಲಿ ಕುರ್ಚಿ ಗಕ್ಕನೆ ನಿಂತಿತು. ಅಲ್ಲಿ ನಾಲ್ಕು ಬೆರಳು ಎತ್ತರದ ಕಲ್ಲಿನ ಹೊಸ್ತಿಲು. ಯಾರೂ ಹೇಳಿರಲಿಲ್ಲ, ಭೀಮಣ್ಣ ತಾನಾಗಿಯೇ ಕೂರಿಸಿದ್ದ.

"ಹೊಸ್ತಿಲ ಇಲ್ಲದ ಬಾಗಲ ಇರತದೇನ ಯವ್ವಾ? ಓದೋ ಮನಿ ಇದು. ಸರಸ್ವತಿ ಹೊರಗ ಹೋಗಿಬಿಡತಾಳ."

"ಆಕಿ ಹೊರಗ ಹೋಗೋದಿರ್ಲಿ ಯಪ್ಪಾ," ಎಂದಳು ರೇಣುಕಾ, "ಈಕಿ ಒಳಗ ಹೋಗೋದು ಹ್ಯಾಂಗ ಹೇಳು!"

ಊರಿನಲ್ಲಿ ಹೊಸ್ತಿಲು ನನಗೊಂದು ತಡೆಯೇ ಅಲ್ಲ. ಕೈ ಊರಿದರೆ ಆಚೆ. ಇಲ್ಲೂ ಹಾಗೆಯೇ ಕುರ್ಚಿಯಿಂದ ಇಳಿದು ದಾಟಿದೆ. ಒಳಗಿದ್ದವರು ಪುಟ ತಿರುವುವುದನ್ನು ನಿಲ್ಲಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ನನ್ನ ಅಂಗೈಗಳ ಬಗ್ಗೆ ನನಗೆ ನಾಚಿಕೆಯಾದದ್ದು ಅದೇ ಮೊದಲು.

ಭೀಮಣ್ಣನೂ ನೋಡಿದ. ಮರುದಿನ ಉಳಿ, ಸುತ್ತಿಗೆ ತಂದು, ಹೊಸ್ತಿಲಿಗೆ ಕೈಮುಗಿದು, ಒಡೆದು ತೆಗೆದ. ಅಂದು ಬಾಗಿಲು ಹಾಕುವವರೆಗೆ ಒಳಗೆ ಓದುತ್ತ ಕೂತೆ, ಒಬ್ಬಳೇ. ಆ ಸಂಭ್ರಮದಲ್ಲಿ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಹೇಳಬಾರದಿತ್ತು.

ರಜೆಗೆ ಊರಿಗೆ ಹೋದಾಗ ಕುರ್ಚಿಯನ್ನು ಅಂಗಳದಲ್ಲಿ ಬಿಟ್ಟು ಮೊದಲು ನೆಲ ಮುಟ್ಟಬೇಕು ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. "ಇಳಿಬ್ಯಾಡ, ಕುಂದ್ರು," ಎಂದು ಅವ್ವ ಹಿಂದಿನಿಂದ ದಬ್ಬಿದಳು. ಕುರ್ಚಿ ಎಲ್ಲೂ ತಡೆಯದೆ ಒಳಗೆ ಹೋಯಿತು. ಹೊಸ್ತಿಲಿದ್ದ ಜಾಗದಲ್ಲಿ ಹೊಸ ಸಿಮೆಂಟು.

"ಯಾರೋ ಮಂದಿ ತೆಗಿಸ್ಯಾರ. ನಾ ಹಡದಾಕಿ ತೆಗಿಸಬಾರದೇನ?"

ಎಲ್ಲರೂ ಉಣ್ಣಲು ನೆಲದ ಮೇಲೆ ಕೂತರು. ನನ್ನ ತಾಟು ತೊಡೆಯ ಮೇಲೆ. ಇಳಿದರೆ ಅವ್ವನಿಗೆ ನೋವಾದೀತೆಂದು ಕುರ್ಚಿಯಲ್ಲೇ ಉಂಡೆ.

ಹೊರಡುವ ದಿನ ಬೆಳಿಗ್ಗೆ ಅವ್ವ ಮರೆತು, ಹಳೆಯ ರೂಢಿಯಂತೆ ಅರಿಶಿಣದ ಬಟ್ಟಲು ಹಿಡಿದು ಬಾಗಿಲಿಗೆ ಹೋಗಿ ಬಗ್ಗಿದಳು. ಹಚ್ಚಲು ಹೊಸ್ತಿಲೇ ಇರಲಿಲ್ಲ. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಆಡಿನ ಮರಿಯೊಂದು ಅವಳ ಪಕ್ಕದಿಂದ ಒಳಗೆ ನುಗ್ಗಿತು.

"ನೀ ಹ್ವಾದ ಮ್ಯಾಲ ಮತ್ತ ಹಾಕಿಸಲೇನು?" ತಿರುಗದೆ ಕೇಳಿದಳು.

ಹಾಕಿಸು ಎಂದೆ ಎಂದು ನನಗೆ ನೆನಪು. ಏನೂ ಅನ್ನದೆ ಚೀಲ ತುಂಬುತ್ತಿದ್ದೆ ಎಂದು ಅವ್ವ ಹೇಳುತ್ತಾಳೆ. ಇನ್ನೂ ಹಾಕಿಸಿಲ್ಲವಂತೆ. ಪ್ರತಿ ಸಲ ಫೋನಿನಲ್ಲಿ, "ಯಾವಾಗ ಬರ್ತೀ?" ಎನ್ನುತ್ತಾಳೆ. ಪರೀಕ್ಷೆ ಮುಗಿದಿದ್ದರೂ, ಪರೀಕ್ಷೆ ಅದ ಎನ್ನುತ್ತೇನೆ.