ಪಟ್ಟಿಯಲ್ಲಿ ಇಲ್ಲದ ಮೆಷಿನ್ನು

ಪ್ರತಿ ಸೋಮವಾರ ಮಧ್ಯಾಹ್ನ ಹಾಲಪ್ಪ ಮಾಸ್ಟರ್ ನಮ್ಮನೆಗೆ ಬಂದು ನೂಲಿಲ್ಲದೆ ಹೊಲಿಯುತ್ತಿದ್ದರು. ಮೆಷಿನ್ನಿನ ಮೇಲಿನ ಹಳೇ ಬೆಡ್‌ಶೀಟು ತೆಗೆದು, ಎಣ್ಣೆ ಬಿಟ್ಟು, ಖಾಲಿ ಸೂಜಿಯನ್ನು ಹತ್ತು ನಿಮಿಷ ಓಡಿಸುವರು. ಆಮೇಲೆ ಮತ್ತೆ ಬೆಡ್‌ಶೀಟು ಹೊದಿಸಿ, ಮಲಗಿದ ಮಗುವಿಗೆ ಮಾಡುವಂತೆ ಅಂಚುಗಳನ್ನು ಒಳಗೆ ಸಿಕ್ಕಿಸಿ ಹೊರಡುವರು.

ಹೊಸದುರ್ಗದಲ್ಲಿ ಅವರಂತೆ ಬ್ಲೌಸ್ ಹೊಲಿಯುವವರು ಇರಲಿಲ್ಲ. ಟೇಪು ಕೊರಳಲ್ಲಿರುತ್ತಿತ್ತೇ ಹೊರತು ಬಳಸಿದ್ದು ಕಡಿಮೆ. "ಹೋದ ಯುಗಾದಿಗಿಂತ ಅರ್ಧ ಇಂಚು ಜಾಸ್ತಿ ಆಗೀರಿ ಅಮ್ಮಾರೆ" ಎಂದು ಬಾಗಿಲಲ್ಲೇ ಹೇಳಿಬಿಡುವರು. ನಾನು ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳೆಂದು ಅವರಿಗೆ ವಿಪರೀತ ರೆಸ್ಪೆಕ್ಟು. ಇಂಗ್ಲಿಷಿನ ಯಾವ ಕಾಗದ ಬಂದರೂ ನನ್ನ ಹತ್ತಿರವೇ ಓದಿಸಬೇಕು. ಆ ನಂಬಿಕೆಯೇ ಅವರನ್ನು ಕೆಡಿಸಿತು.

ತೊಂಬತ್ತರ ದಶಕದ ಕೊನೆಯಲ್ಲಿ, ಶ್ರೀರಾಂಪುರದ ಭಾವಮೈದುನನ ಬಟ್ಟೆ ಅಂಗಡಿಯ ಸಾಲಕ್ಕೆ ಮಾಸ್ಟರ್ ಜಾಮೀನು ನಿಂತಿದ್ದರು. ಅವನು ಊರು ಬಿಟ್ಟ. ಸಾಲ ಕೊಟ್ಟವರು ಇವರ ಮೇಲೆ ಕೋರ್ಟಿನಿಂದ ಡಿಕ್ರಿ ತಂದು, ಜೈಲಿಗೆ ಹಾಕಿಸುತ್ತೇವೆಂದು ಹೆದರಿಸಿದರು. ವಕೀಲರು ಪಾಪರ್ ಅರ್ಜಿ, ಅಂದರೆ ದಿವಾಳಿಯಾದೆನೆಂಬ ಅರ್ಜಿ ಹಾಕಿಸಿದರು. ಇರುವ ಆಸ್ತಿಯನ್ನೆಲ್ಲ ಪಟ್ಟಿ ಮಾಡಿ ಕೋರ್ಟಿಗೆ ಒಪ್ಪಿಸಬೇಕು. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ತೀರದೆ ಉಳಿದ ಸಾಲದಿಂದ ಮುಂದೊಂದು ದಿನ ಬಿಡುಗಡೆ ಸಿಗುತ್ತದೆ, ಆ ಡಿಕ್ರಿಯಿಂದಲೂ.

ಪಟ್ಟಿ ಕೊಡುವ ಹಿಂದಿನ ದಿನ ಬಂದು ಕೇಳಿದರು. "ಮೆಷಿನ್ನೂ ಹೋಗ್ತೈತಾ ಅಮ್ಮಾರೆ?"

"ಇನ್‌ಸಾಲ್ವೆಂಟ್ ಅಂದ್ರೆ ಎವೆರಿಥಿಂಗ್ ಗೋಸ್, ಮಾಸ್ಟರ್. ನಮ್ಮನೇಲಿ ತಂದಿಡಿ. ನಿಮ್ಮ ವಕೀಲರಿಗೂ ಹೇಳಬೇಡಿ."

ಯಾರನ್ನೂ ಕೇಳದೆ ಹೇಳಿದೆ. ಕಾನ್ವೆಂಟಿನ ಕಾನ್ಫಿಡೆನ್ಸು.

ಸಂಜೆಗೆ ತಳ್ಳುಗಾಡಿಯಲ್ಲಿ ಮೆಷಿನ್ನು ಬಂತು. ಪಟ್ಟಿಯಲ್ಲಿ ಬರೆಯಲಿಲ್ಲ. ಪಟ್ಟಿಯಲ್ಲಿದ್ದ ಅವರ ಬಾಗೂರಿನ ಸೈಟು ಹರಾಜಾಯಿತು. ಮಾಸ್ಟರ್ ಬೇರೆಯವರ ಅಂಗಡಿ ಮೆಟ್ಟಿಲ ಮೇಲೆ ಕೂತು ಕಾಜಾ ಮಾಡಿ, ಗುಂಡಿ ಹಚ್ಚತೊಡಗಿದರು. ಕೆಲವು ವರ್ಷಗಳ ಮೇಲೆ ಬಿಡುಗಡೆಯ ಆರ್ಡರು ಬಂತು. ನಾನೇ ಓದಿ ಹೇಳಿ, "ಇನ್ನು ಮೆಷಿನ್ ತಗೊಂಡು ಹೋಗಿ" ಎಂದೆ.

"ಬೇರೆ ಏನೂ ಇಲ್ಲ ಅಂತ ದೇವರ ಮೇಲೆ ಪ್ರಮಾಣ ಮಾಡೀನಿ. ಇಲ್ಲದ್ದನ್ನ ಹೆಂಗ್ ಒಯ್ಯಲಿ? ನೀವು ಕುಂತ್ಕಳ್ರಿ, ಎಣ್ಣೆ ಬಿಟ್ಟು ಹೋಗ್ತೀನಿ."

ಹೀಗೆ ಸೋಮವಾರಗಳು ಶುರುವಾದವು. ಮಿಕ್ಕ ದಿನಗಳಲ್ಲೂ ಆ ಸದ್ದು ನನಗೆ ಕೇಳುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಹೊಳಲ್ಕೆರೆಯ ಒಂದು ಮದುವೆಯಲ್ಲಿ ವಕೀಲರೊಬ್ಬರು ಪಕ್ಕದ ಎಲೆಗೆ ಕೂತಿದ್ದರು. ಸುಮ್ಮನೆ ಮೆಷಿನ್ನಿನ ವಿಷಯ ಕೇಳಿದೆ, ಅವರೆಂದರು: "ಟೈಲರ್ ಮೆಷಿನ್ನಾ? ಅದು ಹೊಟ್ಟೆಪಾಡಿನ ಸಾಮಾನು ಅಮ್ಮ, ಅದನ್ನ ಕೋರ್ಟು ಮುಟ್ಟಂಗಿಲ್ಲ. ಪಟ್ಟೀಲಿ ಬರೆದಿದ್ರೂ ಅವರಿಗೇ ಬಿಡ್ತಿದ್ರು." ಅನ್ನದಲ್ಲಿ ಕೈ ನಿಂತಿತು.

ಎರಡು ಸೋಮವಾರ ಬಾಯಿ ಬರಲಿಲ್ಲ. ಮೂರನೆಯದಕ್ಕೆ ಹೇಳಿದೆ. ಮಾಸ್ಟರ್ ಪೆಡಲು ತುಳಿಯುತ್ತಿದ್ದ ಕಾಲು ನಿಲ್ಲಿಸಿದರು.

"ಹಂಗಾರೆ ಇಷ್ಟು ದಿನಾನೂ ಇದು ನಂದೇನಾ?"

"ನಿಮ್ಮದೇ."

ಜೇಬಿನಿಂದ ನೂಲುಂಡೆ ತೆಗೆದರು. ದಿನವೂ ಗುಂಡಿ ಹಚ್ಚುವ ಬಿಳಿ ನೂಲು. ಸೂಜಿಗೆ ಪೋಣಿಸಲು ನೋಡಿದರು. ಕಣ್ಣು ಸಾಲಲಿಲ್ಲ. ಮತ್ತೊಮ್ಮೆ ನೋಡಿದರು. ನಾನು ಕೈ ಚಾಚಿದೆ.

"ಬ್ಯಾಡ್ರಿ ಅಮ್ಮಾರೆ," ಎಂದರು ಮೆತ್ತಗೆ. "ಒಂದ್ಸಲ ಸಹಾಯ ಮಾಡೀರಲ್ಲ, ಸಾಕು."

ಅವತ್ತು ನೂಲುಂಡೆಯನ್ನು ಮೆಷಿನ್ನಿನ ಮೇಲೇ ಬಿಟ್ಟು, ಬೆಡ್‌ಶೀಟು ಹೊದಿಸದೆ ಹೋದರು. ಮುಂದಿನ ಸೋಮವಾರ ಬರಲಿಲ್ಲ. ಆ ತಿಂಗಳಲ್ಲೇ ತೀರಿಕೊಂಡರೆಂದು ಹಾಲಿನವಳು ಹೇಳಿದಳು.

ಈಗ ಎಣ್ಣೆ ನಾನೇ ಬಿಡುತ್ತೇನೆ. ಸೂಜಿಯ ಪಕ್ಕ ಆ ಬಿಳಿ ನೂಲಿನ ತುದಿ ಹಾಗೇ ಜೋತುಬಿದ್ದಿದೆ. ನನ್ನ ಕಣ್ಣಿಗೆ ಸೂಜಿಯ ತೂತು ಇನ್ನೂ ಚೆನ್ನಾಗಿ ಕಾಣುತ್ತದೆ.